ಮಣ್ಣಿನಲ್ಲಿ ಮ್ಯಾಂಗನೀಸ್ ಹೆಚ್ಚಾದಾಗ ಗಿಡಕ್ಕೆ ಏನಾಗುತ್ತದೆ, ಗಿಡ ಅದನ್ನು ಹೇಗೆ ತಾಳಿಕೊಳ್ಳುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಳಿ ಮಣ್ಣಿನಲ್ಲಿ ಬೇಸಾಯ ಮಾಡುವವರು, ಕೃಷಿ ವಿಜ್ಞಾನದ ವಿದ್ಯಾರ್ಥಿಗಳು, ಮಣ್ಣು ಪರೀಕ್ಷೆಯ ವರದಿಯಲ್ಲಿ ‘ಮ್ಯಾಂಗನೀಸ್ ಅಧಿಕ’ ಎಂಬ ಸಾಲನ್ನು ಕಂಡು ಆತಂಕಗೊಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಎಲೆಯಲ್ಲಿನ ಪ್ರಮಾಣಗಳನ್ನೆಲ್ಲ ಒಂದು ಕಿಲೋ ಒಣ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ ಕೊಡಲಾಗಿದೆ.

ಮ್ಯಾಂಗನೀಸ್ ಗಿಡಕ್ಕೆ ಬೇಕಾದ ಪೋಷಕಾಂಶವಲ್ಲವೇ? ಅದು ನಂಜಾಗುವುದು ಹೇಗೆ?

ಬೇಕೇ ಬೇಕು. ಎಲೆಯ ಹರಿತ್ಕಣಗಳಲ್ಲಿ ನೀರನ್ನು ಒಡೆದು ಆಮ್ಲಜನಕವನ್ನು ಹೊರಬಿಡುವ ಕೇಂದ್ರದಲ್ಲಿ ನಾಲ್ಕು ಮ್ಯಾಂಗನೀಸ್ ಪರಮಾಣುಗಳು ಒಂದು ಕ್ಯಾಲ್ಸಿಯಂ ಪರಮಾಣುವಿನ ಜೊತೆಗೂಡಿ ಕೆಲಸ ಮಾಡುತ್ತವೆ. ಜೀವಕೋಶದೊಳಗೆ ಹುಟ್ಟುವ ಹಾನಿಕರ ಆಮ್ಲಜನಕ ರೂಪಗಳನ್ನು ನಿವಾರಿಸುವ ಒಂದು ಮುಖ್ಯ ಕಿಣ್ವಕ್ಕೂ ಈ ಧಾತುವೇ ಆಧಾರ. ಆದರೆ ಇಷ್ಟೆಲ್ಲ ಕೆಲಸಕ್ಕೆ ಬೇಕಾಗುವ ಪ್ರಮಾಣ ತೀರಾ ಕಡಿಮೆ. ಎಲೆಯಲ್ಲಿ 10ರಿಂದ 20 ಮಿಲಿಗ್ರಾಂಗಿಂತ ಕಡಿಮೆಯಾದಾಗ ಮಾತ್ರ ಬಹುತೇಕ ಬೆಳೆಗಳಲ್ಲಿ ಕೊರತೆ ಕಾಣಿಸಿಕೊಳ್ಳುತ್ತದೆ.

ತೊಂದರೆ ಆರಂಭವಾಗುವುದು ಬೇರಿನಲ್ಲಿ. ಕರಗಿದ ಮ್ಯಾಂಗನೀಸನ್ನು ಒಳಗೆ ಸೇರಿಸಿಕೊಳ್ಳುವ ಸಾಗಣೆ ಪ್ರೋಟೀನ್‌ಗಳಲ್ಲಿ ಹಲವು ಕಬ್ಬಿಣದಂತಹ ಬೇರೆ ಲೋಹಗಳನ್ನೂ ಸಾಗಿಸುತ್ತವೆ, ಹಾಗಾಗಿ ಮಣ್ಣಿನ ನೀರಿನಲ್ಲಿ ಮ್ಯಾಂಗನೀಸ್ ಹೆಚ್ಚಾದಷ್ಟೂ ಅದು ಗಿಡದೊಳಗೆ ಬರುತ್ತಲೇ ಹೋಗುತ್ತದೆ. ‘ಸಾಕು’ ಎಂದು ಬಾಗಿಲು ಹಾಕುವ ಸಾಮರ್ಥ್ಯ ಗಿಡಕ್ಕೆ ಅಷ್ಟಾಗಿ ಇಲ್ಲ. ಅಗತ್ಯಕ್ಕಿಂತ ಹತ್ತಾರು ಪಟ್ಟು ಹೆಚ್ಚು ಮ್ಯಾಂಗನೀಸ್ ಎಲೆ ಸೇರಿದ ಮೇಲೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬುದೇ ಗಿಡದ ಮುಂದಿರುವ ನಿಜವಾದ ಸಮಸ್ಯೆ.

ಮಣ್ಣಿನಲ್ಲಿ ಮ್ಯಾಂಗನೀಸ್ ಬಹಳ ಇದ್ದರೆ ಬೆಳೆಗೆ ನಂಜು ಖಚಿತವೇ?

ಖಚಿತವಲ್ಲ. ಈ ವಿಷಯದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೇ ಇಲ್ಲಿ. ಮಣ್ಣಿನಲ್ಲಿರುವ ಮ್ಯಾಂಗನೀಸಿನ ಬಹುಪಾಲು ಕಪ್ಪು ಬಣ್ಣದ ಆಕ್ಸೈಡ್ ರೂಪದಲ್ಲಿರುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಬೇರು ಅದನ್ನು ಹೀರಿಕೊಳ್ಳಲಾರದು. ಬೇರಿಗೆ ಸಿಗುವುದು ಎರಡು ಧನ ವಿದ್ಯುದಂಶವಿರುವ, ಕರಗಿದ ಮ್ಯಾಂಗನೀಸ್ ಅಯಾನು ಮಾತ್ರ. ಸಂಡೂರಿನ ಬೆಟ್ಟಗಳಲ್ಲಿ, ಶಿವಮೊಗ್ಗ ಜಿಲ್ಲೆಯ ಕುಂಸಿಯ ಸುತ್ತಮುತ್ತ ಮ್ಯಾಂಗನೀಸ್ ಅದಿರೇ ಇದೆ. ಆದರೂ ಅಂತಹ ನೆಲದ ಗಿಡಗಳೆಲ್ಲ ನಂಜೇರಿ ಸಾಯುತ್ತಿಲ್ಲ, ಏಕೆಂದರೆ ಅದಿರಿನಲ್ಲಿರುವುದು ಕರಗದ ಆಕ್ಸೈಡ್. ಇದಕ್ಕೆ ವಿರುದ್ಧವಾಗಿ, ಒಟ್ಟು ಮ್ಯಾಂಗನೀಸ್ ಸಾಧಾರಣವಾಗಿರುವ ಹುಳಿ ಮಣ್ಣೊಂದು ಮಳೆಗಾಲದಲ್ಲಿ ಬೆಳೆಯನ್ನು ಕಂಗೆಡಿಸಬಹುದು.

ಆಕ್ಸೈಡ್ ಕರಗಿ ಅಯಾನು ಆಗುವುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಮೊದಲನೆಯದು ಮಣ್ಣಿನ ರಸಸಾರ, ಅಂದರೆ ಪಿಎಚ್; ಅದು ಇಳಿದಷ್ಟೂ ಮಣ್ಣು ಹೆಚ್ಚು ಹುಳಿ. ರಾಸಾಯನಿಕ ಲೆಕ್ಕಾಚಾರದ ಪ್ರಕಾರ ರಸಸಾರ ಒಂದು ಅಂಕ ಇಳಿದರೆ ಕರಗಿದ ಮ್ಯಾಂಗನೀಸ್ ನೂರು ಪಟ್ಟು ಏರಬಹುದು. ನಿಜವಾದ ಮಣ್ಣಿನಲ್ಲಿ ಏರಿಕೆ ಅಷ್ಟು ನಿಯತವಾಗಿ ನಡೆಯದಿದ್ದರೂ 5.5ಕ್ಕಿಂತ ಕೆಳಗೆ ಅಪಾಯ ಬೇಗ ಹೆಚ್ಚುತ್ತದೆ. ಎರಡನೆಯದು ಮಣ್ಣಿನಲ್ಲಿ ಗಾಳಿ ಆಡುತ್ತಿದೆಯೇ ಇಲ್ಲವೇ ಎಂಬುದು.

ಹೊಲದಲ್ಲಿ ನೀರು ನಿಂತಾಗ ಏನಾಗುತ್ತದೆ?

ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ತೀರಿದ ಮೇಲೂ ಸೂಕ್ಷ್ಮಜೀವಿಗಳು ಉಸಿರಾಟ ನಿಲ್ಲಿಸುವುದಿಲ್ಲ. ಆಮ್ಲಜನಕದ ಬದಲಿಗೆ ಮೊದಲು ನೈಟ್ರೇಟನ್ನು, ಅದರ ಬಳಿಕ ಮ್ಯಾಂಗನೀಸ್ ಆಕ್ಸೈಡನ್ನು, ಆಮೇಲೆ ಕಬ್ಬಿಣದ ಆಕ್ಸೈಡನ್ನು ಬಳಸಿಕೊಳ್ಳುತ್ತವೆ. ಈ ಸರದಿಯಲ್ಲಿ ಕಬ್ಬಿಣಕ್ಕಿಂತ ಮ್ಯಾಂಗನೀಸ್ ಮುಂದಿರುವುದರಿಂದ, ಮಣ್ಣಿನ ಬಣ್ಣ ಬದಲಾಗುವ ಮೊದಲೇ, ಕೆಲವೇ ದಿನಗಳಲ್ಲಿ, ಕರಗಿದ ಮ್ಯಾಂಗನೀಸ್ ಏರಿರುತ್ತದೆ. ಹಸಿರೆಲೆ ಗೊಬ್ಬರದಂತಹ ಬೇಗ ಕೊಳೆಯುವ ವಸ್ತು ಆಗ ಮಣ್ಣಿನಲ್ಲಿದ್ದರೆ ಸೂಕ್ಷ್ಮಜೀವಿಗಳಿಗೆ ಆಹಾರ ದೊರೆತು ಈ ಕ್ರಿಯೆ ಇನ್ನಷ್ಟು ಚುರುಕಾಗುತ್ತದೆ.

ನೀರು ಬಸಿದು ಗಾಳಿ ಬಂದ ಮೇಲೆ ಮ್ಯಾಂಗನೀಸ್ ಮತ್ತೆ ಆಕ್ಸೈಡ್ ಆಗಬೇಕು. ಆದರೆ ಹುಳಿ ಮಣ್ಣಿನಲ್ಲಿ ಈ ಮರುಪರಿವರ್ತನೆ ತುಂಬಾ ನಿಧಾನ. ಹುಳಿ ಹಾಗೂ ಜೌಗು ಎರಡೂ ಕೂಡಿದ ಜಾಗದಲ್ಲಿ ತೊಂದರೆ ಬೇಗ ಬಂದು ತಡವಾಗಿ ಹೋಗುವುದಕ್ಕೆ ಇದೇ ಕಾರಣ. ರಸಸಾರ 6ರ ಆಸುಪಾಸಿನಲ್ಲಿದ್ದರೂ ನೀರು ನಿಂತಾಗ ಸೂಕ್ಷ್ಮ ಬೆಳೆಗಳಿಗೆ ನಂಜು ತಗಲಬಹುದು. ಬಸಿಗಾಲುವೆಯನ್ನು ಕೇವಲ ಬೇರು ಕೊಳೆಯದಿರಲು ಎಂದು ತೋಡುವವರು ಅದರ ಈ ಇನ್ನೊಂದು ಉಪಕಾರವನ್ನೂ ಗಮನಿಸಬೇಕು.

ಬಿಸಿಯಿಂದಲೂ ಮ್ಯಾಂಗನೀಸ್ ಬಿಡುಗಡೆಯಾಗುತ್ತದೆ. ಹಸಿರುಮನೆಗಳಲ್ಲಿ ರೋಗಾಣುಗಳನ್ನು ಕೊಲ್ಲಲು ಮಣ್ಣಿಗೆ ಹಬೆ ಹಾಯಿಸಿದ ಬಳಿಕ ಲೆಟಿಸ್ ಬೆಳೆಗೆ ಮ್ಯಾಂಗನೀಸ್ ನಂಜು ತಗಲುವುದು ಬಹುಕಾಲದಿಂದ ತಿಳಿದ ಸಂಗತಿ.

ನಂಜಿನ ಲಕ್ಷಣಗಳು ಎಲೆಯಲ್ಲಿ ಹೇಗೆ ಕಾಣುತ್ತವೆ?

ಅಲಸಂದೆಯ ಗಿಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲು ಕೆಳಗಿನ, ಬಲಿತ ಎಲೆಗಳ ಮೇಲೆ ಸೂಜಿಮೊನೆಯಷ್ಟು ಚಿಕ್ಕ, ಗಾಢ ಕಂದು ಚುಕ್ಕೆಗಳು ಮೂಡುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಅವುಗಳ ಮೇಲೆ ಶಿಲೀಂಧ್ರದ ಪುಡಿಯಾಗಲಿ ಬೂಷ್ಟಾಗಲಿ ಇರುವುದಿಲ್ಲ. ಬೆರಳಿನಿಂದ ಉಜ್ಜಿದರೆ ಅಳಿಸಿಹೋಗುವುದಿಲ್ಲ. ದಿನ ಕಳೆದಂತೆ ಚುಕ್ಕೆಗಳ ಸಂಖ್ಯೆ ಹೆಚ್ಚುತ್ತದೆ, ಸುತ್ತಲಿನ ಹಸಿರು ಮಾಸಿ ಹಳದಿಯಾಗುತ್ತದೆ, ಕೊನೆಗೆ ಎಲೆ ಅವಧಿಗೆ ಮೊದಲೇ ಉದುರುತ್ತದೆ. ನಿರ್ದಿಷ್ಟ ವಿಸ್ತೀರ್ಣದಲ್ಲಿ ಎಷ್ಟು ಚುಕ್ಕೆಗಳಿವೆ ಎಂದು ಎಣಿಸಿಯೇ ಸಂಶೋಧಕರು ಅಲಸಂದೆಯಲ್ಲಿ ನಂಜಿನ ತೀವ್ರತೆಯನ್ನು ಅಳೆಯುತ್ತಾರೆ.

ಲಕ್ಷಣ ಮೊದಲು ಹಳೆಯ ಎಲೆಯಲ್ಲಿ ಕಾಣುವುದಕ್ಕೆ ಕಾರಣ ಸರಳವಾಗಿದೆ. ಬೇರಿನಿಂದ ಮೇಲೇರುವ ನೀರಿನೊಂದಿಗೆ ಮ್ಯಾಂಗನೀಸ್ ಎಲೆ ತಲುಪುತ್ತದೆ, ನೀರು ಆವಿಯಾಗಿ ಹೋಗುತ್ತದೆ, ಮ್ಯಾಂಗನೀಸ್ ಅಲ್ಲೇ ಉಳಿಯುತ್ತದೆ. ಒಂದು ಎಲೆಯಿಂದ ಮತ್ತೊಂದು ಎಲೆಗೆ ಅದು ಸುಲಭವಾಗಿ ಸಾಗುವುದಿಲ್ಲವಾದ್ದರಿಂದ ಹೆಚ್ಚು ದಿನ ಬದುಕಿದ ಎಲೆಯಲ್ಲಿ ಹೆಚ್ಚು ಶೇಖರವಾಗುತ್ತದೆ.

ಎಲ್ಲ ಬೆಳೆಗಳ ಲಕ್ಷಣವೂ ಒಂದೇ ಅಲ್ಲ. ಹತ್ತಿಯಲ್ಲಿ ಎಳೆಯ ಎಲೆಗಳು ಸುಕ್ಕುಗಟ್ಟಿ ಮುರುಟುತ್ತವೆ. ಹುರುಳಿಕಾಯಿ ಗಿಡದಲ್ಲಿ ಚುಕ್ಕೆಯೂ ಮುರುಟುವಿಕೆಯೂ ಕಾಣುತ್ತವೆ. ಆಲೂಗಡ್ಡೆಯ ಕಾಂಡದಲ್ಲಿ ಕಂದು ಗೀರುಗಳು ಏಳುತ್ತವೆ, ಸೇಬಿನ ಮರದಲ್ಲಿ ತೊಗಟೆಯ ಒಳಭಾಗ ಸತ್ತು ಮೇಲ್ಮೈ ಗಂಟುಗಂಟಾಗುತ್ತದೆ.

ಆ ಕಂದು ಚುಕ್ಕೆ ನಿಜವಾಗಿ ಏನು?

ಜೀವಕೋಶಗಳ ಭಿತ್ತಿ ಮತ್ತು ಅವುಗಳ ನಡುವಿನ ಜಾಗದಲ್ಲಿ ಮ್ಯಾಂಗನೀಸ್ ಹೆಚ್ಚಾದಾಗ ಅಲ್ಲಿರುವ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಚುರುಕಾಗಿ, ಮ್ಯಾಂಗನೀಸ್ ಮತ್ತು ಫೀನಾಲ್ ಸಂಯುಕ್ತಗಳು ಉತ್ಕರ್ಷಣಗೊಳ್ಳುತ್ತವೆ. ಹಾಗೆ ಉತ್ಕರ್ಷಣಗೊಂಡ ಮ್ಯಾಂಗನೀಸ್ ಮತ್ತು ಫೀನಾಲ್‌ಗಳ ಶೇಷವೇ ಕಂದು ಚುಕ್ಕೆ. ಈ ಕ್ರಿಯೆಯ ನಡುವೆ ಹುಟ್ಟುವ ಅಸ್ಥಿರ ಕಣಗಳು ಪಕ್ಕದ ಜೀವಕೋಶದ ಪೊರೆಗಳನ್ನು ಹಾಳುಮಾಡುತ್ತವೆ. ಜರ್ಮನಿಯ ಹ್ಯಾನೋವರ್ ವಿಶ್ವವಿದ್ಯಾಲಯದಲ್ಲಿ ಅಲಸಂದೆಯ ಮೇಲೆ ದೀರ್ಘಕಾಲ ನಡೆದ ಅಧ್ಯಯನಗಳು ಈ ಸರಣಿಯನ್ನು ಬಿಡಿಸಿಟ್ಟವು. ಒಂದೇ ಪ್ರಮಾಣದ ಮ್ಯಾಂಗನೀಸ್ ಇದ್ದರೂ ಒಂದು ತಳಿ ಬಳಲುವುದು, ಇನ್ನೊಂದು ತಳಿ ತಾಳಿಕೊಳ್ಳುವುದು ಈ ಕೋಶಭಿತ್ತಿಯ ರಸಾಯನ ಕ್ರಿಯೆಯನ್ನು ಬಹಳವಾಗಿ ಅವಲಂಬಿಸಿದೆ.

ಎಳೆಯ ಎಲೆಗಳೇ ಹಳದಿಯಾಗಿದ್ದರೆ ಅದೂ ಮ್ಯಾಂಗನೀಸ್ ಕಾರಣವೇ?

ಆಗಿರಬಹುದು, ಆದರೆ ಪರೋಕ್ಷವಾಗಿ. ಮ್ಯಾಂಗನೀಸ್ ಹೆಚ್ಚಾದಾಗ ಕಬ್ಬಿಣ, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಹೀರಿಕೆಗೂ ಬಳಕೆಗೂ ಅಡ್ಡಿಯಾಗುತ್ತದೆ. ಕಬ್ಬಿಣದ ಕೊರತೆ ಉಂಟಾದರೆ ಹೊಸ ಎಲೆಗಳಲ್ಲಿ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿ ಅಥವಾ ಬಿಳಿಚಾಗುತ್ತದೆ.

ಇದರ ಚರಿತ್ರಾರ್ಹ ಉದಾಹರಣೆ ಹವಾಯಿಯದು. 20ನೇ ಶತಮಾನದ ಆರಂಭದಲ್ಲಿ ಒವಾಹು ದ್ವೀಪದ ಕಪ್ಪು ಮಣ್ಣಿನಲ್ಲಿ ನೆಟ್ಟ ಅನಾನಸ್ ಗಿಡಗಳು ಹಳದಿಯಾಗಿ ಕುಗ್ಗುತ್ತಿದ್ದವು, ಪಕ್ಕದ ಕೆಂಪು ಮಣ್ಣಿನಲ್ಲಿ ಅದೇ ಬೆಳೆ ಚೆನ್ನಾಗಿತ್ತು. ಕಪ್ಪು ಬಣ್ಣ ಸಾವಯವ ಪದಾರ್ಥದ್ದಲ್ಲ, ಮ್ಯಾಂಗನೀಸ್ ಆಕ್ಸೈಡಿನದು ಎಂದು ಅಲ್ಲಿನ ಕೃಷಿ ಪ್ರಯೋಗ ಕೇಂದ್ರದ ವಿಜ್ಞಾನಿಗಳು ತೋರಿಸಿದರು. ಪರಿಹಾರ ದೊರೆತದ್ದು 1910ರ ದಶಕದಲ್ಲಿ: ಕಬ್ಬಿಣದ ಸಲ್ಫೇಟ್ ದ್ರಾವಣವನ್ನು ಎಲೆಗಳ ಮೇಲೆ ಸಿಂಪಡಿಸಿದಾಗ ಹಸಿರು ಮರಳಿತು. ಕಬ್ಬಿಣವನ್ನು ಮಣ್ಣಿಗೆ ಹಾಕಿದರೆ ಅದು ಮ್ಯಾಂಗನೀಸ್ ಆಕ್ಸೈಡಿನ ಸಂಪರ್ಕದಲ್ಲಿ ಉತ್ಕರ್ಷಣಗೊಂಡು ಗಿಡಕ್ಕೆ ಸಿಗದ ರೂಪ ತಾಳುತ್ತದೆ. ಎಲೆಯ ಮೂಲಕ ಕೊಟ್ಟಾಗ ಈ ಅಡ್ಡಿ ಇರುವುದಿಲ್ಲ. ಸಿಂಪಡಣೆ ಅಲ್ಲಿನ ಅನಾನಸ್ ಬೇಸಾಯದ ವಾಡಿಕೆಯ ಕೆಲಸವೇ ಆಗಿಹೋಯಿತು.

ಅಲ್ಯೂಮಿನಿಯಂ ನಂಜಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ಎರಡೂ ಹುಳಿ ಮಣ್ಣಿನ ತೊಂದರೆಗಳೇ. ಅಲ್ಯೂಮಿನಿಯಂ ಬೇರನ್ನು ಹೊಡೆಯುತ್ತದೆ: ಬೇರಿನ ತುದಿ ದಪ್ಪವಾಗಿ, ಮೊಂಡಾಗಿ, ಕವಲುಗಳು ಕಡಿಮೆಯಾಗುತ್ತವೆ. ಮ್ಯಾಂಗನೀಸ್ ಮೊದಲು ಎಲೆಯನ್ನು ಹೊಡೆಯುತ್ತದೆ. ಬೇರು ಸೊರಗುವುದು ಆ ಬಳಿಕ. ಗಿಡವನ್ನು ಕಿತ್ತು ಬೇರು ತೊಳೆದು ನೋಡುವುದು ಅಗ್ಗದ ಮತ್ತು ಬಹಳ ಉಪಯುಕ್ತವಾದ ಪರೀಕ್ಷೆ. ಒಂದರ ತಾಳಿಕೆ ಇರುವ ತಳಿಗೆ ಇನ್ನೊಂದರ ತಾಳಿಕೆಯೂ ಇರುತ್ತದೆ ಎಂದು ಭಾವಿಸುವಂತಿಲ್ಲ.

ಯಾವ ಬೆಳೆ ಎಷ್ಟು ಮ್ಯಾಂಗನೀಸನ್ನು ತಾಳುತ್ತದೆ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನಡೆದ ಪ್ರಯೋಗಗಳಿಂದ 1982ರಲ್ಲಿ ಬಂದ ಅಂಕಿಗಳನ್ನು ಇಂದಿಗೂ ಪಠ್ಯಗಳು ಉದ್ಧರಿಸುತ್ತವೆ. ಗಿಡದ ಒಣ ತೂಕ ಶೇ. 10ರಷ್ಟು ಕುಗ್ಗುವ ಮಟ್ಟ ಮೆಕ್ಕೆಜೋಳದಲ್ಲಿ 200 ಮಿಲಿಗ್ರಾಂ, ತೊಗರಿಯಲ್ಲಿ 300, ಸೋಯಾಬೀನಿನಲ್ಲಿ 600, ಹತ್ತಿಯಲ್ಲಿ 750, ಸಿಹಿಗೆಣಸಿನಲ್ಲಿ 1,380, ಸೂರ್ಯಕಾಂತಿಯಲ್ಲಿ 5,300. ಮೆಕ್ಕೆಜೋಳಕ್ಕೂ ಸೂರ್ಯಕಾಂತಿಗೂ ಇರುವ ಅಂತರ ಇಪ್ಪತ್ತಾರು ಪಟ್ಟಿಗೂ ಹೆಚ್ಚು. ತೊಗರಿ ಇಷ್ಟು ನಾಜೂಕಿನ ಬೆಳೆಯಾಗಿದ್ದರೂ ಕಲಬುರಗಿಯ ರೈತರು ಈ ತೊಂದರೆಯನ್ನು ಎದುರಿಸಬೇಕಾಗಿಲ್ಲ, ಏಕೆಂದರೆ ಅಲ್ಲಿನ ಎರೆಭೂಮಿ ಕ್ಷಾರದ ಕಡೆಗೆ ವಾಲಿದ ಮಣ್ಣು. ಅದರಲ್ಲಿ ಮ್ಯಾಂಗನೀಸ್ ಕರಗುವುದು ಬಹಳ ಕಡಿಮೆ. ಅದೇ ಬೆಳೆಯನ್ನು ಹುಳಿಯಾದ ಕೆಂಪು ಅಥವಾ ಜಂಬಿಟ್ಟಿಗೆ ಮಣ್ಣಿಗೆ ತಂದಾಗ ಈ ಅಂಕಿಯನ್ನು ನೆನಪಿನಲ್ಲಿಡಬೇಕು.

ತಾಳಿಕೊಳ್ಳುವ ಗಿಡಗಳು ಒಳಗೆ ಏನು ಮಾಡುತ್ತವೆ?

ಮ್ಯಾಂಗನೀಸನ್ನು ಪೂರ್ತಿಯಾಗಿ ಹೊರಗಿಡುವ ಗಿಡಗಳು ವಿರಳ. ಹೆಚ್ಚಿನವು ಒಳಗೆ ಬಂದದ್ದನ್ನು ಕೆಲಸ ನಡೆಯುವ ಜಾಗದಿಂದ ದೂರ ಸರಿಸಿಡುತ್ತವೆ. ಅದಕ್ಕೆ ಮುಖ್ಯ ಉಗ್ರಾಣ ಜೀವಕೋಶದ ರಸದಾನಿ, ಅಂದರೆ ಕೋಶದೊಳಗಿನ ದ್ರವ ತುಂಬಿದ ಚೀಲ. ರಸದಾನಿಯ ಪೊರೆಯ ಮೇಲಿರುವ ಸಾಗಣೆ ಪ್ರೋಟೀನ್‌ಗಳು ಮ್ಯಾಂಗನೀಸನ್ನು ಒಳಗೆ ತಳ್ಳುತ್ತವೆ, ಅಲ್ಲಿ ಅದು ಮ್ಯಾಲೇಟ್, ಸಿಟ್ರೇಟ್, ಆಕ್ಸಲೇಟ್‌ನಂತಹ ಸಾವಯವ ಆಮ್ಲಗಳೊಂದಿಗೋ ಫಾಸ್ಫೇಟಿನೊಂದಿಗೋ ಬಂಧಗೊಂಡು ಉಳಿಯುತ್ತದೆ.

ಈ ಪ್ರೋಟೀನ್‌ಗಳಲ್ಲಿ ಒಂದು ಪತ್ತೆಯಾದದ್ದು ಸ್ಟೈಲೋಸಾಂತಸ್ ಹಮಾಟ ಎಂಬ ಮೇವಿನ ದ್ವಿದಳ ಸಸ್ಯದಲ್ಲಿ. ನಮ್ಮಲ್ಲಿಯೂ ಗೋಮಾಳ ಮತ್ತು ಬದುಗಳ ಮೇಲೆ ಬೆಳೆಸುವ ಈ ಸ್ಟೈಲೋ, ಹುಳಿ ಮಣ್ಣಿಗೆ ಹೊಂದಿಕೊಂಡ ಗಿಡ. ಆಸ್ಟ್ರೇಲಿಯಾದ ವಿಜ್ಞಾನಿಗಳು ಅದರ ವಂಶವಾಹಿಗಳನ್ನು ಯೀಸ್ಟ್‌ನಲ್ಲಿ ಸೇರಿಸಿ, ಮ್ಯಾಂಗನೀಸ್ ತುಂಬಿದ ದ್ರಾವಣದಲ್ಲಿ ಯಾವ ಯೀಸ್ಟ್ ಬದುಕುತ್ತದೆ ಎಂದು ಹುಡುಕಿ, 2003ರಲ್ಲಿ ಆ ವಂಶವಾಹಿಯನ್ನು ಪ್ರಕಟಿಸಿದರು. ಅದನ್ನು ಬೇರೆ ಗಿಡಕ್ಕೆ ಸೇರಿಸಿದಾಗ ಆ ಗಿಡದ ತಾಳಿಕೆಯೂ ಹೆಚ್ಚಿತು. ಇದೇ ಕುಟುಂಬದ ಇನ್ನೊಂದು ಪ್ರೋಟೀನ್ ಜೀವಕೋಶದಲ್ಲಿ ವಸ್ತುಗಳನ್ನು ಕಟ್ಟಿ ಸಾಗಿಸುವ ಗಾಲ್ಗಿ ಎಂಬ ಭಾಗದಲ್ಲಿ ಕೆಲಸ ಮಾಡುತ್ತದೆ; ಮ್ಯಾಂಗನೀಸನ್ನು ಪುಟ್ಟ ಕೋಶಿಕೆಗಳಲ್ಲಿ ತುಂಬಿ ಜೀವಕೋಶದಿಂದ ಹೊರಸಾಗಿಸುವುದು ಅದರ ಕೆಲಸವೆಂದು ತಿಳಿಯಲಾಗಿದೆ.

ಸೂರ್ಯಕಾಂತಿಯ ವಿಧಾನ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸೋಜಿಗದ್ದು. ಅದರ ಎಲೆಯ ಮೇಲಿನ ಒರಟು ರೋಮಗಳ ಬುಡದಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ. ಅಲಸಂದೆಯ ಚುಕ್ಕೆ ಹಾನಿಯ ಗುರುತಾದರೆ, ಸೂರ್ಯಕಾಂತಿಯ ಚುಕ್ಕೆ ಸುರಕ್ಷಿತ ಶೇಖರಣೆಯ ಗುರುತು: ಗಿಡ ಹೆಚ್ಚುವರಿ ಮ್ಯಾಂಗನೀಸನ್ನು ರೋಮಗಳಿಗೂ ಅವುಗಳ ಬುಡಕ್ಕೂ ಸಾಗಿಸಿ, ಎಲೆಯ ಹಸಿರು ಅಂಗಾಂಶವನ್ನು ಉಳಿಸಿಕೊಳ್ಳುತ್ತದೆ. ಬರಿಗಣ್ಣಿಗೆ ಇವೆರಡೂ ಒಂದೇ ರೀತಿ ಕಾಣಬಹುದಾದ್ದರಿಂದ, ಚುಕ್ಕೆ ಕಂಡೊಡನೆ ತೀರ್ಮಾನಕ್ಕೆ ಬರದೆ ಅದು ರೋಮದ ಬುಡದಲ್ಲಿದೆಯೇ, ಸುತ್ತಲಿನ ಎಲೆ ಹಸಿರಾಗಿದೆಯೇ ಎಂದು ನೋಡಬೇಕು.

ನೀರು ನಿಂತ ಗದ್ದೆಯಲ್ಲಿ ಭತ್ತ ಹೇಗೆ ಚೆನ್ನಾಗಿ ಬೆಳೆಯುತ್ತದೆ?

ಭತ್ತದ ಎಲೆ 5,000 ಮಿಲಿಗ್ರಾಂವರೆಗಿನ ಮ್ಯಾಂಗನೀಸನ್ನೂ ಗೋಚರ ಹಾನಿಯಿಲ್ಲದೆ ಇಟ್ಟುಕೊಳ್ಳಬಲ್ಲದು. ಅದರ ಬೇರಿನಲ್ಲಿ ಹೊರಗಿನಿಂದ ಒಳಕ್ಕೆ ಎಳೆದುಕೊಳ್ಳುವ ಒಂದು ಪ್ರೋಟೀನೂ, ಒಳಗಿನಿಂದ ನಾಳಗಳ ಕಡೆಗೆ ತಳ್ಳುವ ಇನ್ನೊಂದು ಪ್ರೋಟೀನೂ ಒಂದೇ ಜೀವಕೋಶದ ಎದುರುಬದುರು ಬದಿಗಳಲ್ಲಿ ನೆಲೆಸಿವೆ. ಎಲೆಯಲ್ಲಿ ರಸದಾನಿಗೆ ತುಂಬುವ ಮತ್ತೊಂದು ಪ್ರೋಟೀನ್ ಇದೆ. ಎಳೆದುಕೊಳ್ಳುವ ಪ್ರೋಟೀನ್ ಮ್ಯಾಂಗನೀಸಿನೊಂದಿಗೆ ವಿಷಲೋಹ ಕ್ಯಾಡ್ಮಿಯಂ ಅನ್ನೂ ಒಳಗೆ ತರುತ್ತದೆ ಎಂದು 2012ರಲ್ಲಿ ತಿಳಿದ ಮೇಲೆ, ಅದನ್ನು ನಿಷ್ಕ್ರಿಯಗೊಳಿಸಿ ಕ್ಯಾಡ್ಮಿಯಂ ಕಡಿಮೆ ಇರುವ ಅಕ್ಕಿ ಪಡೆಯುವ ಪ್ರಯತ್ನಗಳು ನಡೆದಿವೆ; ಅಂತಹ ಗಿಡಗಳಿಗೆ ಮ್ಯಾಂಗನೀಸ್ ಕೊರತೆ ಕಾಡುವ ಅಪಾಯ ಜೊತೆಗೇ ಇದೆ.

ಸಿಲಿಕಾನ್ ಕೊಟ್ಟರೆ ನಂಜು ತಗ್ಗುತ್ತದೆಯೇ?

ಭತ್ತ, ಹುರುಳಿಕಾಯಿ, ಅಲಸಂದೆ, ಸೌತೆ ಮುಂತಾದ ಹಲವು ಬೆಳೆಗಳಲ್ಲಿ ತಗ್ಗುತ್ತದೆ. ಹುರುಳಿಕಾಯಿಯಲ್ಲಿ ಸಿಲಿಕಾನ್ ಇದ್ದಾಗ ಮ್ಯಾಂಗನೀಸ್ ಅಲ್ಲಲ್ಲಿ ಗುಂಪುಗಟ್ಟದೆ ಎಲೆಯುದ್ದಕ್ಕೂ ಸಮನಾಗಿ ಹರಡುತ್ತದೆ ಎಂದು 1978ರಷ್ಟು ಹಿಂದೆಯೇ ಕಂಡುಕೊಳ್ಳಲಾಗಿತ್ತು. ಎಲೆಯ ಒಟ್ಟು ಮ್ಯಾಂಗನೀಸ್ ಹೆಚ್ಚು ಬದಲಾಗದಿದ್ದರೂ ಚುಕ್ಕೆಗಳು ಕಡಿಮೆಯಾಗುತ್ತವೆ. ಭತ್ತದ ಹುಲ್ಲು ಮತ್ತು ಉಮಿಯಲ್ಲಿ ಸಿಲಿಕಾನ್ ಹೇರಳವಾಗಿದೆ. ಅವನ್ನು ಸುಡದೆ ಹೊಲಕ್ಕೆ ಮರಳಿಸುವುದು ಒಳ್ಳೆಯದು, ಆದರೆ ಸುಣ್ಣದ ಬದಲಿಗೆ ಇದೊಂದೇ ಸಾಕೆಂದು ನಂಬಬಾರದು.

ಬಹಳಷ್ಟು ಮ್ಯಾಂಗನೀಸ್ ತುಂಬಿಕೊಳ್ಳುವ ಗಿಡಗಳಿವೆಯೇ?

ಇವೆ. ಎಲೆಯಲ್ಲಿ 10,000 ಮಿಲಿಗ್ರಾಂ, ಅಂದರೆ ಒಣ ತೂಕದ ಶೇ. 1ಕ್ಕಿಂತ ಹೆಚ್ಚು ಸಂಗ್ರಹಿಸುವ ಗಿಡಗಳನ್ನು ಅತಿಸಂಗ್ರಾಹಕಗಳೆಂದು ಪರಿಗಣಿಸುತ್ತಾರೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ವಿರೋಟಿಯಾ ನ್ಯೂರೋಫಿಲಾ ಎಂಬ ಮರದ ಎಲೆಯಲ್ಲಿ ಶೇ. 5ರಷ್ಟು ಮ್ಯಾಂಗನೀಸ್ ಅಳೆಯಲಾಗಿದೆ. ಚೀನಾದ ಗಣಿ ಪ್ರದೇಶಗಳಲ್ಲಿ ಫೈಟೊಲಾಕ್ಕ ಜಾತಿಯ ಗಿಡಗಳು ಈ ಗುಣಕ್ಕಾಗಿ ಗಮನ ಸೆಳೆದಿವೆ. ಆಸ್ಟ್ರೇಲಿಯಾದ ಗೋಸಿಯಾ ಬಿಡ್ವಿಲ್ಲಿ ಎಂಬ ಮರ ಮ್ಯಾಂಗನೀಸನ್ನು ದ್ಯುತಿಸಂಶ್ಲೇಷಣೆ ನಡೆಯುವ ಕಂಬಕೋಶಗಳ ಪದರದಲ್ಲೇ ಹೆಚ್ಚಾಗಿ ಇಟ್ಟುಕೊಳ್ಳುತ್ತದೆ. ಬೇರೆ ಲೋಹಗಳ ಅತಿಸಂಗ್ರಾಹಕಗಳು ಸಾಮಾನ್ಯವಾಗಿ ಹೊರಪದರವನ್ನು ಬಳಸುವುದರಿಂದ ಇದು ಅಪರೂಪದ ಸಂಗತಿ.

ಈ ಮಟ್ಟ ಮುಟ್ಟದಿದ್ದರೂ ಹುಳಿ ಮಣ್ಣನ್ನೇ ಬಯಸುವ ಚಹಾ ಗಿಡ ಬಲಿತ ಎಲೆಗಳಲ್ಲಿ ಸಾವಿರಾರು ಮಿಲಿಗ್ರಾಂ ಮ್ಯಾಂಗನೀಸನ್ನು ನಿರಾತಂಕವಾಗಿ ಇಟ್ಟುಕೊಳ್ಳುತ್ತದೆ.

ಬಿಸಿಲು ಮತ್ತು ಉಷ್ಣತೆಯಿಂದ ನಂಜು ಹೆಚ್ಚುತ್ತದೆಯೇ?

ತೀಕ್ಷ್ಣ ಬೆಳಕಿನಲ್ಲಿ ಹಳದಿಯಾಗುವಿಕೆ ಹೆಚ್ಚುತ್ತದೆ. ಉಷ್ಣತೆಯ ಪರಿಣಾಮ ಇದಕ್ಕೆ ವಿರುದ್ಧ: ಸೋಯಾಬೀನ್ ಮತ್ತು ತಂಬಾಕಿನಲ್ಲಿ ಬೆಚ್ಚಗಿನ ವಾತಾವರಣದಲ್ಲಿ ಹೀರಿಕೆ ಹೆಚ್ಚಾದರೂ ಲಕ್ಷಣಗಳು ಕಡಿಮೆಯಾಗುತ್ತವೆ.

ಪರೀಕ್ಷೆ ಮಾಡಿಸುವಾಗ ಯಾವುದನ್ನು ಗಮನಿಸಬೇಕು?

ಮಣ್ಣಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಳಸುವ, ಲೋಹಗಳನ್ನು ಹಿಡಿದು ಕರಗಿಸಿ ತೆಗೆಯುವ ಡಿಟಿಪಿಎ ಎಂಬ ರಾಸಾಯನಿಕದ ವಿಧಾನ ರೂಪುಗೊಂಡದ್ದು ಕೊರತೆಯನ್ನು ಗುರುತಿಸಲು. ನಂಜನ್ನು ಮುನ್ಸೂಚಿಸಲು ಅದು ಅಷ್ಟು ನಂಬಿಕಸ್ಥವಲ್ಲ. ಮಣ್ಣಿನ ಮಾದರಿಯನ್ನು ಒಣಗಿಸಿದಾಗಲೇ ಅಂಕಿ ಏರಬಹುದು. ಆದ್ದರಿಂದ ವರದಿಯಲ್ಲಿನ ಮ್ಯಾಂಗನೀಸ್ ಅಂಕಿಗಿಂತ ರಸಸಾರದ ಅಂಕಿಯನ್ನು ಮೊದಲು ಓದಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಪ್ಪು ಹರಳು ಅಥವಾ ಲೇಪನವಿರುವ ಮಣ್ಣಿನ ಮೇಲೆ ಹೈಡ್ರೋಜನ್ ಪೆರಾಕ್ಸೈಡಿನ ಕೆಲವು ಹನಿ ಬಿಟ್ಟಾಗ ಜೋರಾಗಿ ನೊರೆ ಎದ್ದರೆ ಮ್ಯಾಂಗನೀಸ್ ಆಕ್ಸೈಡ್ ಇದೆ ಎಂದು ತಿಳಿಯಬಹುದು. ಅದು ಕರಗುತ್ತಿದೆಯೇ ಎಂಬುದನ್ನು ಆ ನೊರೆ ಹೇಳುವುದಿಲ್ಲ.

ಎಲೆ ಪರೀಕ್ಷೆ ಹೆಚ್ಚು ವಿಶ್ವಾಸಾರ್ಹ, ಒಂದು ಎಚ್ಚರಿಕೆಯೊಂದಿಗೆ: ಮ್ಯಾಂಕೋಜೆಬ್ ಶಿಲೀಂಧ್ರನಾಶಕದಲ್ಲಿಯೇ ಮ್ಯಾಂಗನೀಸ್ ಇದೆ. ಅದನ್ನು ಸಿಂಪಡಿಸಿದ ಆಲೂಗಡ್ಡೆ ಅಥವಾ ದ್ರಾಕ್ಷಿಯ ಎಲೆಯನ್ನು ಕಳಿಸಿದರೆ ಬರುವ ಅಂಕಿ ಗಿಡದ್ದಲ್ಲ, ಔಷಧಿಯದು. ಒಂದೇ ಹೊಲದ ಚೆನ್ನಾಗಿರುವ ಮತ್ತು ಬಳಲಿದ ಗಿಡಗಳಿಂದ, ಒಂದೇ ವಯಸ್ಸಿನ ಎಲೆಗಳನ್ನು ಬೇರೆ ಬೇರೆಯಾಗಿ ಕಳಿಸಿ ಹೋಲಿಸುವುದು ಒಳ್ಳೆಯ ಕ್ರಮ.

ಸುಣ್ಣ ಎಷ್ಟು ಹಾಕಬೇಕು? ಜಿಪ್ಸಮ್ ಸಾಲದೇ?

ಜಿಪ್ಸಮ್ ಕ್ಯಾಲ್ಸಿಯಂ ಕೊಡುತ್ತದೆ, ಆದರೆ ರಸಸಾರವನ್ನು ಏರಿಸುವುದಿಲ್ಲ. ಈ ತೊಂದರೆಗೆ ಅದು ಸುಣ್ಣದ ಬದಲಿಯಾಗದು. ಕೃಷಿ ಸುಣ್ಣ ಅಥವಾ ಮೆಗ್ನೀಸಿಯಂ ಕೂಡ ಇರುವ ಸುಣ್ಣದಂತಹ ಖನಿಜವಾದ ಡೋಲೋಮೈಟ್ ಬೇಕು. ಮೆಗ್ನೀಸಿಯಂ ಕಡಿಮೆ ಇರುವ ಮಣ್ಣಿಗೆ ಡೋಲೋಮೈಟ್ ಮೇಲು, ಏಕೆಂದರೆ ಮೆಗ್ನೀಸಿಯಂ ಸಾಕಷ್ಟಿದ್ದರೆ ಮ್ಯಾಂಗನೀಸಿನ ಹೀರಿಕೆ ತಗ್ಗುತ್ತದೆ. ಪ್ರಮಾಣ ಮಣ್ಣಿನಿಂದ ಮಣ್ಣಿಗೆ ಬದಲಾಗುವುದರಿಂದ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ‘ಸುಣ್ಣದ ಅಗತ್ಯ’ವನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ರಸಸಾರವನ್ನು 5.5 ದಾಟಿಸಿ 6ರ ಹತ್ತಿರ ತಂದರೆ ಬಹುತೇಕ ಬೆಳೆಗಳಿಗೆ ಸಾಕು. ಅದಕ್ಕೂ ಮೇಲೆ ಸುರಿದರೆ ಸತು, ಬೋರಾನ್, ಕೊನೆಗೆ ಮ್ಯಾಂಗನೀಸಿನದೇ ಕೊರತೆ ಎದುರಾಗಬಹುದು. ಸುಣ್ಣವನ್ನು ಯೂರಿಯಾ ಅಥವಾ ಡಿಎಪಿ ಜೊತೆ ಬೆರೆಸಿ ಹಾಕಿದರೆ ಸಾರಜನಕ ಅಮೋನಿಯ ಅನಿಲವಾಗಿ ನಷ್ಟವಾಗುತ್ತದೆ. ಎರಡರ ನಡುವೆ ಕೆಲವು ವಾರಗಳ ಅಂತರವಿರಲಿ. ಅಮೋನಿಯಂ ಸಲ್ಫೇಟ್‌ನಂತಹ ಗೊಬ್ಬರವನ್ನು ವರ್ಷವರ್ಷವೂ ಕೊಡುತ್ತಿದ್ದರೆ ಮಣ್ಣು ಮತ್ತೆ ಹುಳಿಯಾಗುತ್ತದೆ, ಹಾಗಾಗಿ ಗೊಬ್ಬರದ ಆಯ್ಕೆಯನ್ನೂ ಪರಿಶೀಲಿಸಬೇಕು.

ಕೊಳವೆಬಾವಿಯ ನೀರಿನಲ್ಲಿ ಮ್ಯಾಂಗನೀಸ್ ಇದ್ದರೆ?

ನೀರಾವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 0.2 ಮಿಲಿಗ್ರಾಂ. ಈ ಮಿತಿ ಮೀರಿದ ನೀರಿನಿಂದ ಬೆಳೆಗೆ ಹಾನಿಯಾಗುವುದು ಹೆಚ್ಚಾಗಿ ಹುಳಿ ಮಣ್ಣಿನಲ್ಲಿ. ಹನಿ ನೀರಾವರಿ ಇರುವವರಿಗೆ ಇನ್ನೊಂದು ತೊಂದರೆ ಅದಕ್ಕಿಂತ ಮೊದಲೇ ಎದುರಾಗುತ್ತದೆ: ಲೀಟರಿಗೆ 0.1 ಮಿಲಿಗ್ರಾಂ ದಾಟಿದರೆ ಡ್ರಿಪ್ಪರ್‌ಗಳಲ್ಲಿ ಕಪ್ಪು ಕೆಸರು ಕಟ್ಟತೊಡಗಬಹುದು, 1.5 ದಾಟಿದರೆ ಅವು ತೀವ್ರವಾಗಿ ಕಟ್ಟಿಕೊಳ್ಳುತ್ತವೆ. ಅಂತಹ ನೀರನ್ನು ತೆರೆದ ತೊಟ್ಟಿಯಲ್ಲಿ ಗಾಳಿಯಾಡಿಸಿ, ಮಡ್ಡಿ ತಳಕ್ಕಿಳಿದ ಬಳಿಕ ಸೋಸಿ ಪೈಪಿಗೆ ಬಿಡುವುದು ರೂಢಿಯ ಉಪಾಯ. ಮ್ಯಾಂಗನೀಸ್ ಕಬ್ಬಿಣಕ್ಕಿಂತ ನಿಧಾನವಾಗಿ ಉತ್ಕರ್ಷಣಗೊಳ್ಳುವುದರಿಂದ ತೊಟ್ಟಿಯಲ್ಲಿ ನೀರು ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ.